ಭಾನುವಾರದ ಸಾಕ್ಷಿ

ಶಿಡ್ಲಘಟ್ಟ
ಭಾನುವಾರ, ನವೆಂಬರ್ ೨೪, ೨೦೨೪

ಬೀರೇಶ್,

ಯೇಸುವಿನ ಹೆಸರಿನಲ್ಲಿ ನಿನಗೆ ಸಮಾಧಾನವಾಗಲಿ. ಈ ಮೊದಲ ಸಾಲಿಗೇ ನೀನು ಕಾಗದ ಹರಿಯುತ್ತೀಯ ಅಂತ ಗೊತ್ತು. ಹರಿದರೆ ಜೋಡಿಸಿಕೊಂಡು ಓದು. ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈ ಏನಾಯಿತು ಅಂತ ಗಂಡನಾದ ನಿನಗೆ ನಾನು ಹೇಳಬೇಕಾಗಿಲ್ಲ.

ಜಾಮೀನಿನ ಮೇಲೆ ಬಂದು ಮಂಚೇನಹಳ್ಳಿಯ ನಿನ್ನ ಅಕ್ಕನ ಮನೆಯಿಂದ ನೀನು ಕಳಿಸಿದ ವಾಯ್ಸ್ ಮೆಸೇಜು ಕೇಳಿದೆ. ಬುಧವಾರ ಕೋರ್ಟಿನಲ್ಲಿ, ನಾನೇ ಕಾಲು ಜಾರಿ ಬಾಣಲೆಗೆ ಕೈ ಹಾಕಿಕೊಂಡೆ ಅಂತ ಹೇಳಬೇಕಂತೆ. ‘ನಿಮ್ ದೇವ್ರೇ ಕ್ಷಮ್ಸು ಅಂತಾನಲ್ಲೇ, ಕ್ಷಮ್ಸ್‌ಬಿಡೇ’ ಅಂದಿದ್ದೀಯ. ನನ್ನ ಬೈಬಲನ್ನು ಒಲೆಗೆ ಹಾಕಿದವನಿಗೆ ಅದರಲ್ಲಿ ಏನಿದೆ ಅಂತ ಇಷ್ಟು ಬೇಗ ಗೊತ್ತಾಯಿತಲ್ಲ, ಬಹಳ ಸಂತೋಷ. ಫೋನಿನಲ್ಲಿ ಉತ್ತರ ಕೊಟ್ಟರೆ ಅರ್ಧಕ್ಕೇ ಕೂಗಾಡುತ್ತೀಯ, ಅದಕ್ಕೇ ಈ ಕಾಗದ.

ಮೊದಲು ಒಂದು ವಿಷಯ ತಿಳಿದುಕೋ. ಆವತ್ತು ಮೇಲೂರಿನಲ್ಲಿ ರೇಷ್ಮೆ ನೂಲು ತೆಗೆಯುವ ನಮ್ಮ ರೀಲಿಂಗ್ ಶೆಡ್ಡಿನಲ್ಲಿ ನಾನು ಅಮ್ಮಾಜಮ್ಮನಿಗೆ ಫೋನ್ ಮಾಡಿ, ‘ಈ ಭಾನ್ವಾರ ಸಾಕ್ಷಿ ಹೇಳ್ತೀನಿ ಕಣಕ್ಕ, ಭಯ ಹೋಯ್ತು’ ಅಂದದ್ದು ನಿನ್ನ ಕಿವಿಗೆ ಬಿತ್ತು. ಅದಕ್ಕೆ ಮುಂಚೆ, ರೇಷ್ಮೆಗೂಡು ತಂದಿದ್ದ ಮುನಿವೆಂಕಟಪ್ಪನ ಜೊತೆ ತೂಕಕ್ಕೆ ಜಗಳ ತೆಗೆದು, ನೀನು ರಾಡಿನಲ್ಲಿ ಅವನ ಕಾಲು ಮುರಿದದ್ದನ್ನು ಕಂಡವಳು ನಾನೊಬ್ಬಳೇ. ನಾನು ಅದನ್ನು ಪೊಲೀಸರಿಗೆ ಹೇಳುತ್ತೇನೆ ಅಂತ ನೀನು ತಿಳಿದೆ. ಒಂದು ಮಾತು ಕೇಳಲಿಲ್ಲ. ಜಡೆ ಹಿಡಿದು ಎಳೆದೊಯ್ದು, ಗೂಡು ಬೇಯುತ್ತಿದ್ದ ಬಾಣಲೆಯಲ್ಲಿ ನನ್ನ ಕೈಯನ್ನು ಮೊಣಕೈವರೆಗೂ ಅದುಮಿ ಹಿಡಿದೆ. ‘ಹೇಳ್ತೀಯಾ, ಹೇಳ್ತೀಯಾ’ ಅಂತ ಕೇಳುತ್ತಲೇ ಇದ್ದೆ. ನನ್ನ ಚರ್ಮ ಗೂಡುಗಳ ನಡುವೆ ತೇಲಿತು. ಬೆಂದ ಹುಳದ ವಾಸನೆ ಯಾವುದು, ನನ್ನ ವಾಸನೆ ಯಾವುದು ಅಂತ ತಿಳಿಯಲಿಲ್ಲ.

ಅಯ್ಯೋ ದಡ್ಡ, ನಮ್ಮ ಪ್ರಾರ್ಥನೆಯಲ್ಲಿ ಸಾಕ್ಷಿ ಹೇಳುವುದು ಅಂದರೆ, ದೇವರು ನಮಗೆ ಮಾಡಿದ್ದನ್ನು ಎಲ್ಲರೆದುರು ಎದ್ದು ನಿಂತು ಹೇಳುವುದು. ಅಷ್ಟೆ. ನೀನು ಒದ್ದ ಮೇಲೆ ಹೊಟ್ಟೆಯಲ್ಲಿದ್ದ ಕೂಸು ಹೋಯಿತಲ್ಲ, ಆಮೇಲೆ ನನಗೆ ನಿದ್ದೆ ಅನ್ನುವುದೇ ಇರಲಿಲ್ಲ. ಬಾವಿ ಕಂಡರೆ ಕಾಲು ಅದರ ಕಡೆಗೇ ಹೋಗುತ್ತಿತ್ತು. ಅಮ್ಮಾಜಮ್ಮ ತನ್ನ ಮನೆಯಲ್ಲಿ ನಡೆಸುವ ಪ್ರಾರ್ಥನೆಗೆ ಕರೆದಳು. ಒಂದು ದಿನ ಅವರೆಲ್ಲ ಹಾಡುತ್ತಿರುವಾಗಲೇ ಚಾಪೆಯ ಮೇಲೆ ನಿದ್ದೆ ಹೋದೆ. ಎದ್ದಾಗ, ನಾನೂ ನನ್ನ ಕೂಸೂ ಯಾರಿಗೋ ಬೇಕಾದವರು ಅನ್ನಿಸಿತು. ಅದನ್ನು ಹೇಳಬೇಕಿತ್ತು. ನಿನ್ನ ಹೆಸರನ್ನೂ ಎತ್ತುವವಳಿರಲಿಲ್ಲ.

ಆಸ್ಪತ್ರೆಯಲ್ಲಿ ಬ್ಯಾಂಡೇಜು ಬಿಚ್ಚಿ ತೊಳೆಯುವಾಗ ಅದೇ ದೇವರನ್ನು ಬಾಯಿಗೆ ಬಂದಂತೆ ಬೈದೆ. ಸತ್ತು ಎದ್ದವನು ಮೊಳೆ ಹೊಡೆದ ತನ್ನ ಕೈಯನ್ನೇ ವಾಸಿ ಮಾಡಿಕೊಳ್ಳಲಿಲ್ಲ, ನನ್ನದನ್ನೇನು ಮಾಡಿಯಾನು ಅಂತ ಅಮ್ಮಾಜಮ್ಮನನ್ನು ಕೇಳಿದೆ. ಅವಳು ನನ್ನ ತಲೆ ಸವರುತ್ತ, ‘ಆ ಗಾಯ ತೋರ್ಸಿದ್ಮೇಲೇ ಕಣಮ್ಮ ಶಿಷ್ಯರು ಅವನ್ನ ನಂಬಿದ್ದು. ಮುಚ್ಚಿಟ್ಕೊಳ್ಲಿಲ್ಲ ಅವ್ನು’ ಅಂದಳು. ಹೊಡೆದವರನ್ನು ಕ್ಷಮಿಸಿದವನೂ ಅವನೇ, ಗಾಯ ತೋರಿಸಿದವನೂ ಅವನೇ. ಆವತ್ತು ತುಂಬ ಅತ್ತೆ, ಆದರೆ ಸಾಯಬೇಕು ಅನ್ನಿಸಲಿಲ್ಲ.

ನಿನ್ನ ದೊಡ್ಡಪ್ಪ ಜಯರಾಮಪ್ಪ ಮೋಸಂಬಿ ಹಿಡಿದುಕೊಂಡು ಬಂದು, ಕ್ಷಮಿಸಿದ್ದೀಯೇನಮ್ಮ ಅಂತ ಕೇಳಿದರು. ಹೌದು ಅಂದೆ. ಅದನ್ನೇ ರಾಜಿ ಅಂತ ತಿಳಿದು ಊರೆಲ್ಲ ಹೇಳಿಕೊಂಡು ಬಂದಿದ್ದಾರೆ, ಪಾಪ. ಕ್ಷಮಿಸಿದ್ದು ನಿಜ. ನಿನ್ನ ಕೈಯೂ ಹಾಗೇ ಬೇಯಲಿ ಅಂತ ಬೇಡುತ್ತಿದ್ದೆ, ಬಿಟ್ಟಿದ್ದೇನೆ. ಆದರೆ ಬುಧವಾರ ಕಟಕಟೆಯಲ್ಲಿ ಸೆರಗು ಸರಿಸಿ ಕೈ ತೋರಿಸುತ್ತೇನೆ. ಮುನಿವೆಂಕಟಪ್ಪನ ಕಾಲಿನ ಕಥೆಯನ್ನೂ ಹೇಳುತ್ತೇನೆ. ಹೆದರಿಕೆ ಇಲ್ಲ ಅಂತಲ್ಲ. ಇದನ್ನು ಬರೆಯುವಾಗಲೂ ಬಾಗಿಲಿಗೆ ಚಿಲಕ ಹಾಕಿಕೊಂಡೇ ಕೂತಿದ್ದೇನೆ.

ಇನ್ನು ನಿನ್ನ ಮನೆಗೆ ಬಾರದ,
ವರಲಕ್ಷ್ಮಿ

ತಾ.ಕ.: ನಿನ್ನ ಅಮ್ಮ ಚಿಂತಾಮಣಿಯ ತವರಿಗೆ ಹೋಗಿದ್ದಾರೆ ಅಂತ ನೀನು ತಿಳಿದಿದ್ದೀಯ. ಹೋಗಿಲ್ಲ. ನಾರಾಯಣಮ್ಮ ಇಲ್ಲೇ, ನನ್ನ ಜೊತೆಗೇ ಇದ್ದಾರೆ. ಅವರಿಗೆ ನಮ್ಮ ಪ್ರಾರ್ಥನೆ ಬೇಡ, ಬೆಳಗಾದರೆ ತಮ್ಮ ಗಂಗಮ್ಮನಿಗೇ ಕೈ ಮುಗಿಯುತ್ತಾರೆ. ನಿನ್ನೆ ನನ್ನ ಕೈಗೆ ಮುಲಾಮು ಹಚ್ಚುತ್ತಿದ್ದವರು ತಿರುಗಿ ಕೂತು, ರವಿಕೆ ಬಿಚ್ಚಿ, ನಿನ್ನ ಅಪ್ಪ ಕಾದ ಸೌಟಿನಲ್ಲಿ ಬೆನ್ನಿಗೆ ಎಳೆದ ಬರೆಗಳನ್ನು ತೋರಿಸಿದರು. ನಿನಗೂ ತೋರಿಸಿಲ್ಲವಂತೆ. ಆವತ್ತು ನೀನು ನನ್ನ ಕೈ ಅದುಮಿದಾಗ ಅವರು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದರಂತೆ. ಬುಧವಾರ ಕೋರ್ಟಿಗೆ ಬರುತ್ತಾರೆ. ‘ನನ್ ಮಗ ಅಲ್ವೇನಮ್ಮ, ನಾನೇ ಹೇಳ್ಬೇಕು’ ಅಂದರು. ಬನ್ನಿ ಅಂತ ನಾನು ಕೇಳಿರಲಿಲ್ಲ.