ನನ್ನ ಭುಜಕ್ಕೆ ಸೀತಮ್ಮನವರ ರುಜು

ಸರ್ಕಾರಿ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದ ಮೇಲಧಿಕಾರಿಗಳೇ,

ಮನೆಯಲ್ಲಿ ಯಾರೂ ಇಲ್ಲವೆಂಬ ಕಾರಣಕ್ಕೆ ತಮ್ಮ ವಿಭಾಗ ನನ್ನ ಚಿಕಿತ್ಸೆಯನ್ನು ನಿಲ್ಲಿಸಿದೆ. ಈ ಬಗ್ಗೆ ತಮಿಳಿನಲ್ಲಿ ಬರೆದು ತಮ್ಮ ಮೇಜಿಗೆ ತಲುಪಿಸಿ ಇಪ್ಪತ್ತು ದಿನಗಳಾದವು. ಉತ್ತರ ಬಾರದ್ದರಿಂದ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಓದದಿರಲು ತಮಗೀಗ ಒಂದು ಸಕಾರಣವಾದರೂ ಇರಲಿ.

ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಖಂಡಿಸುವುದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಪದ್ಧತಿಯಾಗಿತ್ತು. ತಮ್ಮ ವಾದವನ್ನೂ ಮಂಡಿಸುತ್ತೇನೆ. ಬಿಗಿದುಕೊಂಡ ಭುಜ ಆಸ್ಪತ್ರೆಯ ಅರ್ಧ ಗಂಟೆಯಲ್ಲಿ ಸಡಿಲಾಗದು. ಮನೆಯಲ್ಲಿ ದಿನಕ್ಕೆ ಮೂರು ಹೊತ್ತು ಇನ್ನೊಬ್ಬರು ಕೈ ಹಿಡಿದು ನಿಧಾನವಾಗಿ ಮೇಲೆತ್ತಿಸಬೇಕು. ಆ ಇನ್ನೊಬ್ಬರು ಇಲ್ಲಿಗೆ ಬಂದು ಕಲಿಯಬೇಕು. ಆದ್ದರಿಂದ ಅರ್ಜಿಯಲ್ಲಿ ‘ಮನೆಯಲ್ಲಿರುವ ಸಹಾಯಕರು’ ಎಂಬ ಅಂಕಣ. ನ್ಯಾಯವಾದ ನಿಯಮವೇ. ಮನೆಯೆಂದರೆ ಕನಿಷ್ಠ ಇಬ್ಬರು ಎಂದು ಅದನ್ನು ಬರೆದವರು ನಂಬಿದ್ದರು, ಅಷ್ಟೆ.

ನಾನೂ ನಂಬಿದ್ದೆ. ಕಳೆದ ಜೂನ್‌ನಲ್ಲಿ ಸೂಲೂರು ರಸ್ತೆಯಲ್ಲಿ ಲಾರಿಯೊಂದು ನಮ್ಮ ಸ್ಕೂಟರಿಗೆ ಬಡಿಯಿತು. ಓಡಿಸುತ್ತಿದ್ದ ನನ್ನ ಮಗ ಪ್ರಣವ್ ಉಳಿಯಲಿಲ್ಲ. ಹಿಂದೆ ಕುಳಿತಿದ್ದ ನನ್ನ ಬಲಭುಜ ಮುರಿಯಿತು. ಅವನ ತಾಯಿ ತೀರಿಕೊಂಡು ಒಂಬತ್ತು ವರ್ಷ. ಮೂಳೆ ಕೂಡಿತು, ಕೈ ಮೇಲೇಳಲಿಲ್ಲ. ಅಂಗಿಗೆ ತೋಳು ತೂರಿಸಲು ಗೋಡೆಗೊರಗಿ ಕಾಲು ಗಂಟೆ ಹೆಣಗುತ್ತೇನೆ. ತಮ್ಮ ಅಂಕಣದಲ್ಲಿ ಅಭ್ಯಾಸಬಲದಿಂದ ಮಗನ ಹೆಸರು ಬರೆದೆ. ನಾನೇ ಹೊಡೆದುಹಾಕಿದೆ.

ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದ ಸೀತಮ್ಮನವರು ಅದನ್ನು ನೋಡಿದರು. ಅವರು ಮಗ್ಗದ ಕೆಲಸದವರು, ಎಡಭುಜ ಹಿಡಿದಿತ್ತು, ಮನೆಯಲ್ಲಿ ಒಬ್ಬರೇ. “ಅಣ್ಣಾ, ನನ್ಗೂ ಯಾರೂ ಇಲ್ಲ. ನಂದ್ರಲ್ಲಿ ನೀವು ಕೈಯೆಳುತ್ತು ಹಾಕಿ, ನಿಮ್ದ್ರಲ್ಲಿ ನಾನು ಹಾಕ್ತೀನಿ. ಅಷ್ಟೊಂದು ಯೋಚ್ನೆ ಏನು, ಕಲ್ಯಾಣ ಪತ್ರಿಕೇನಾ ಇದು?” ಎಂದರು. ಪರಸ್ಪರ ರುಜು ಹಾಕಿದೆವು.

ಸಿಂಗಾನಲ್ಲೂರಿನಲ್ಲಿ ನಮ್ಮ ಮನೆಗಳ ನಡುವೆ ಎರಡೇ ಬೀದಿ. ಮೂರು ವಾರ ಅವರ ಜಗಲಿಯಲ್ಲಿ ನಾನು ಅವರ ಕೈಯನ್ನು, ಅವರು ನನ್ನದನ್ನು ಎತ್ತಿಸಿದೆವು. “ಬಯ್ಯೋದಾದ್ರೆ ಬಾಯ್ಬಿಟ್ಟು ಬಯ್ಯಿ ಅಣ್ಣಾ, ಹಲ್ಲು ಕಡೀಬೇಡಿ!” ಮಗ ಹೋದ ಮೇಲೆ, ಆಸ್ಪತ್ರೆಯವರಂತೆ ಉದ್ಯೋಗಕ್ಕಾಗಿಯಲ್ಲದೆ ನನ್ನ ಕೈ ಹಿಡಿದ ಮೊದಲ ವ್ಯಕ್ತಿ ಅವರು. ಕೈ ಕಿವಿಯ ಮಟ್ಟಕ್ಕೆ ಬಂತು.

ನಾಲ್ಕನೆಯ ವಾರ ತಮ್ಮ ಗುಮಾಸ್ತ ಲೋಗನಾಥನ್ ಎರಡೂ ಅರ್ಜಿಗಳನ್ನು ಜೋಡಿಸಿ ನೋಡಿದರು. “ಪೇಷಂಟುಕ್ಕು ಪೇಷಂಟೇ ತುಣೈಯಾ? ರೂಲ್ಸ್ ಇಲ್ಲೀಂಗ ಸಾರ್.” ರೋಗಿಗೆ ರೋಗಿಯೇ ಜೊತೆಯಾಗಲು ನಿಯಮವಿಲ್ಲವಂತೆ. ಮನೆಯಲ್ಲಿ ಬೇರಾರೂ ಇಲ್ಲದ್ದರಿಂದ ಚಿಕಿತ್ಸೆಯ ಪಟ್ಟಿಯಿಂದ ಇಬ್ಬರ ಹೆಸರೂ ಹೋಯಿತು. ಮರುದಿನ ಸೀತಮ್ಮನವರು ಬಾಗಿಲ ಸಂದಿನಿಂದಲೇ ಮಾತಾಡಿದರು: “ಸುಳ್ಳು ಬರೆದ್ರೆ ಕೇಸ್ ಹಾಕ್ತಾರಂತೆ. ಇನ್ಮೇಲೆ ಬರ್ಬೇಡಿ ಅಣ್ಣಾ.”

ಮಾನ್ಯರೇ, ಹಿಡಿದೆತ್ತಲು ಒಂದು ಕೈ ಸಾಕು. ನಮ್ಮಿಬ್ಬರಿಗೂ ಒಂದೊಂದು ಸರಿಯಾಗಿದೆ. ನಾವು ಬರೆದ ಸುಳ್ಳು ಯಾವುದು?

‘ಮನೆಯಲ್ಲಿರುವ’ ಎಂಬ ಪದವನ್ನು ಅರ್ಜಿಯಿಂದ ತೆಗೆಯಿರಿ. ತಪ್ಪೇನೂ ಆಗಿಲ್ಲವೆಂದು ಸೀತಮ್ಮನವರಿಗೆ, ಅವರು ಓದಬಲ್ಲ ತಮಿಳಿನಲ್ಲಿ, ಎರಡು ಸಾಲು ಬರೆದು ಕಳುಹಿಸಿ. ನನಗೆ ಪ್ರತ್ಯೇಕ ಉತ್ತರ ಬೇಡ. ಅವರು ಬಾಗಿಲು ತೆರೆದರೆ ನನಗೆ ತಿಳಿಯುತ್ತದೆ.

ಇಂತಿ,
ಸದ್ಯಕ್ಕೆ ಯಾರಿಗೂ ಸಹಾಯಕನಲ್ಲದ,
ಮಹೇಶ
ಸಿಂಗಾನಲ್ಲೂರು