ಬಟ್ಟಲ ಹಿಂಬದಿಯ ಮೊಲ

ಅಪ್ಪಾ,

ನೀವು ತೀರಿಕೊಂಡ ಮೇಲೆ, ಇವತ್ತು ಮೊದಲ ಸಲ ನೀವು ಚಿತ್ರ ಬರೆದ ಬಟ್ಟಲಲ್ಲಿ ಚಹಾ ಕುಡಿದೆ. ಕ್ಯೋಟೋದಲ್ಲಿ, ಚಹಾ ಪದ್ಧತಿ ಕಲಿಸುವ ಹಿಸಾಯೆ ಟೀಚರ್ ಮನೆಯಲ್ಲಿ. ಬಟ್ಟಲ ಮುಂಬದಿಯಲ್ಲಿ, ನನ್ನೆದುರಿಗೆ ಹುಣ್ಣಿಮೆ ಚಂದ್ರ, ಕೆಳಗೆ ಬಾಗಿದ ಹುಲ್ಲು. ಚಿತ್ರಕ್ಕೆ ತುಟಿ ತಾಗಬಾರದಲ್ಲ, ಬಟ್ಟಲು ತಿರುಗಿಸಿದೆ. ಹಿಂಬದಿ ನನ್ನತ್ತ ಬಂತು.

ಅಲ್ಲಿ, ನಾನು ಚಿಕ್ಕವಳಿದ್ದಾಗ ಬರೆದಿದ್ದ ಸೊಟ್ಟ ಕಿವಿಯ ಮೊಲವಿತ್ತು. "ಮೊಲಾನಾ, ಮೂಲಂಗೀನಾ?" ಎಂದು ನೀವು ನಕ್ಕಿದ್ದಿರಿ. ಆಮೇಲೆ ನಾನು ಕುಂಚ ಮುಟ್ಟಲಿಲ್ಲ.

"ನಿಮ್ಮಪ್ಪ ಎಲ್ಲಾ ಬಟ್ಟಲ ಹಿಂದೇನೂ ಇದನ್ನ ಬರೀತಿದ್ರಮ್ಮ," ಅಂದರು ಟೀಚರ್. "ಒಂದ್ಸಲ ನಾನು ಮೂಲಂಗಿ ಚೆನ್ನಾಗಿದೆ ಅಂದಿದ್ದಕ್ಕೆ ರೇಗಿಬಿಟ್ರು. 'ಕಣ್ಣು ಕಾಣಲ್ವಾ? ನನ್ನ ಮಗಳ ಮೊಲ ಅದು' ಅಂತ."

ಬಟ್ಟಲು ವಾಪಸ್ಸು ಕೊಡುವಾಗ ಪದ್ಧತಿಯಂತೆ ಮುಂಬದಿಯ ಚಂದ್ರನನ್ನು ಅವರತ್ತ ತಿರುಗಿಸಬೇಕಿತ್ತು. ನಾನು ಮೊಲವನ್ನು ತಿರುಗಿಸಿದೆ. ಅವರು ತಿದ್ದಲಿಲ್ಲ.