ಖಾಲಿ ಸೀಸೆಯ ಬೆಳಕು

ಜೂನ್ 3, ಮಂಗಳವಾರ

ಬೆಳಗ್ಗೆಯಿಂದ ಅದೇ ಕೆಲಸ — ಸೋಸು, ಒಣಗಿಸು, ತೂಗು. ನಿಂತು ನಿಂತು ಕಾಲು ಮರಗಟ್ಟಿ ಹೋಗಿದೆ. ಆದರೆ ಕೊನೆಗೂ ಸಿಕ್ಕಿತು. ಬೆಳ್ಳಗಿನ ಪುಡಿ, ಚಮಚದ ತುದಿಯಷ್ಟು. ಇಷ್ಟಕ್ಕೇ ವರ್ಷವೆಲ್ಲ ಒದ್ದಾಡಿದ್ದು.

ಕರಗಿಸಿದೆ. ಬಣ್ಣವೇ ಇಲ್ಲ, ನೀರಿನ ಹಾಗೆ. ಪಾದರಸದ ಉಪ್ಪಿನ ದ್ರಾವಣ ಒಂದು ಹನಿ ಬಿಟ್ಟೆ. ಅಲ್ಲಾಡಿಸುವಷ್ಟರಲ್ಲಿ ಗುಲಾಬಿ! ಯುವಿ ಲ್ಯಾಂಪ್ ಕೆಳಗೆ ಹಿಡಿದರೆ... ಕಿತ್ತಳೆ. ಊದಿದ ಕೆಂಡದ ಹಾಗೆ ಕಿತ್ತಳೆ. ಸೀಸ, ಸತು, ತಾಮ್ರ, ಕ್ಯಾಡ್ಮಿಯಂ ಎಲ್ಲ ಹಾಕಿ ನೋಡಿದೆ. ಊಹೂಂ. ಯಾರು ಕರೆದರೂ ತಿರುಗಿ ನೋಡಲಿಲ್ಲ. ಪಾದರಸ ಬಂದರೆ ಮಾತ್ರ ದೀಪ ಹಚ್ಚಿಕೊಳ್ಳುತ್ತೆ ನನ್ನ ಅಣು.

ಕುಣಿದೆ. ನಿಜವಾಗಿ, ಕೈ ಮೇಲೆತ್ತಿಕೊಂಡು. ಪಕ್ಕದ ಬೆಂಚಿನ ಗಡ್ಡ ತಲೆ ಎತ್ತಿ, "ಏನು, ಇಲಿ ಬಂತಾ?" ಅಂದ.

ಗೈಡ್ ಮೇಡಂ ಬಂದರು. ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದರು. "ಚೆನ್ನಾಗಿದೆ. ಇನ್ನು ಸುಳ್ಳು ಹೇಳತ್ತಾ ನೋಡು." ಅವರ ಬಾಯಲ್ಲಿ ಚೆನ್ನಾಗಿದೆ ಅಂತ ಬಂದರೆ ಬೇರೆಯವರು ಮೆರವಣಿಗೆ ಮಾಡಿದ ಹಾಗೆ.

ಜೂನ್ 6, ಶುಕ್ರವಾರ

ಅಕ್ಕನಿಗೆ ಹೇಳಿಯೇ ಬಿಟ್ಟೆ. ಸಂಜೆ ಅವಳ ಮೇಕಪ್ ರೂಮಿನಲ್ಲಿ ಕೂತು — ಮನೆಯ ಮುಂದಿನ ಕೋಣೆ, ಮೂರು ಕನ್ನಡಿ, ಕಣ್ಣು ಕುಕ್ಕುವಷ್ಟು ಬಲ್ಬು. ಒಬ್ಬ ಮದುಮಗಳು ಎದ್ದು ಹೋಗಿದ್ದಳು, ಇನ್ನೊಬ್ಬಳು ಬರಬೇಕಿತ್ತು.

"ಅಂದ್ರೆ ವಿಷ ಕಂಡ್ರೆ ಹೊಳೆಯತ್ತೆ?"

"ಹೂಂ. ಬರೀ ಪಾದರಸ ಕಂಡ್ರೆ."

"ನಿಮ್ಮ ಭಾವನ ಅಡುಗೆಗೆ ಹಾಕಿ ನೋಡು."

ಭಾವ ಒಳಗಿನಿಂದಲೇ, "ಕೇಳಿಸ್ತು!" ಅಂದರು.

ನನ್ನ ಕೈ ಹಿಡಿದು ತಿರುಗಿಸಿ ನೋಡಿ ಬೈದಳು. "ಇದು ಕೈನಾ, ಉಪ್ಪು ಕಾಗದಾನಾ?" ಕಪಾಟಿನಿಂದ ಕ್ರೀಮಿನ ಡಬ್ಬಿ ತೆಗೆದುಕೊಟ್ಟಳು. ಅವಳದೇ ಲೇಬಲ್, ಅವಳೇ ಬರೆದ ಅಕ್ಷರ. ಕ್ರೀಮು ಮಾತ್ರ ಅವಳದಲ್ಲ. ಡಬ್ಬದಣ್ಣ ಅಂತ ಒಬ್ಬ ಸಪ್ಲೈಯರ್ ದೊಡ್ಡ ಡಬ್ಬದಲ್ಲಿ ತಂದುಕೊಡುತ್ತಾನೆ, ಇವಳು ಚಿಕ್ಕದಕ್ಕೆ ತುಂಬುತ್ತಾಳೆ. ಗಿರಾಕಿಗಳು ಇದಕ್ಕೆ ಪ್ರಾಣ ಬಿಡುತ್ತಾರೆ. ಮುಖ ಬೆಳಗತ್ತಂತೆ. ತಾನೂ ವರ್ಷದಿಂದ ಹಚ್ಚುತ್ತಿದ್ದಾಳೆ.

ಮುಚ್ಚಳ ತಿರುಗಿಸುವಾಗ ಅವಳ ಕೈ ಸಣ್ಣಗೆ ನಡುಗಿತು. "ಕಾಫಿ ಜಾಸ್ತಿ ಆಯ್ತು," ಅಂದಳು. ರಾತ್ರಿ ನಿದ್ದೆಯೂ ಬರಲ್ಲವಂತೆ. ಪಾದವೂ ಊದಿದೆ. ನಿಂತು ಕೆಲಸ ಮಾಡಿದರೆ ಊದದೆ ಇನ್ನೇನು, ಅನ್ನುತ್ತಾಳೆ.

ಜೂನ್ 17, ಮಂಗಳವಾರ

ಏನಿದು?

ಬ್ಲ್ಯಾಂಕ್ ಹೊಳೆಯುತ್ತಿದೆ. ಪಾದರಸ ಹಾಕದ ಸೀಸೆ! ಕತ್ತಲಾಗಿರಬೇಕಾದದ್ದು. ಮಂದವಾಗಿ, ಆದರೆ ಕಿತ್ತಳೆಯೇ. ಕಣ್ಣುಜ್ಜಿಕೊಂಡು ನೋಡಿದೆ. ಮೆಷಿನ್‌ನಲ್ಲೂ ಅದೇ.

ಸೀಸೆ ಸರಿಯಾಗಿ ತೊಳೆದಿರಲಿಕ್ಕಿಲ್ಲ. ನಾಳೆ ಮತ್ತೆ.

ಜೂನ್ 20, ಶುಕ್ರವಾರ

ಹೊಸ ಸೀಸೆ. ಹೊಸ ನೀರು. ಎಲ್ಲ ಆಸಿಡ್‌ನಲ್ಲಿ ನೆನೆಸಿ ತೊಳೆದೆ. ಆದರೂ ಹೊಳೆಯುತ್ತೆ. ಸೋಮವಾರ ಹೊಳೆಯಲಿಲ್ಲ, ಮಂಗಳವಾರ ಹೊಳೆಯಿತು, ನಿನ್ನೆ ಅರೆಬರೆ, ಇವತ್ತು ಧಾರಾಳ. ತಲೆಬುಡ ಗೊತ್ತಾಗುತ್ತಿಲ್ಲ.

ಗಡ್ಡ ಹೇಳಿದ: "ನಿನ್ನ ಅಣುವಿಗೆ ದೆವ್ವ ಹಿಡಿದಿದೆ."

"ಬಿಡಿಸೋಕೆ ಬರತ್ತಾ?"

"ನನ್ನ ಸೋಸೋ ಕಾಲಮ್ ಖಾಲಿ ಆದ್ಮೇಲೆ."

ಜೂನ್ 26, ಗುರುವಾರ

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಏನೂ ಇಲ್ಲದ ಕಡೆ ಇದೆ ಅನ್ನೋ ಸೆನ್ಸರ್‌ನ ಯಾರು ನಂಬ್ತಾರೆ, ಹೇಳು?" ಸಮ್ಮೇಳನಕ್ಕೆ ಕಳಿಸಿದ ಸಾರಾಂಶ ವಾಪಸ್ ತಗೊಳ್ಳೋಣ ಅಂದರು. ಬೇಡ ಅಂದೆ. ಜುಲೈ ಮೊದಲ ವಾರದವರೆಗೆ ಟೈಮ್ ಕೊಟ್ಟಿದ್ದಾರೆ.

ಮೈ ಬಿಸಿ. ಜ್ವರವೋ ಸಿಟ್ಟೋ.

ಜುಲೈ 1, ಮಂಗಳವಾರ

ಜ್ವರವೇ. ಇಷ್ಟು ದಿನ ಹಾಸಿಗೆ. ಇವತ್ತು ಲ್ಯಾಬಿಗೆ ಹೋದೆ. ಗಡ್ಡ ನನ್ನ ಬೆಂಚಿನಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಮೇಡಂ ಪಕ್ಕದಲ್ಲಿ. ನಾನಿಲ್ಲದಾಗ ಅವನು ಮೂರು ಸಲ ಮಾಡಿದ್ದಾನೆ — ನನ್ನದೇ ಪುಡಿ, ನನ್ನದೇ ಸೀಸೆ, ನನ್ನದೇ ನೀರು. ಬ್ಲ್ಯಾಂಕ್ ಕಗ್ಗತ್ತಲು. ಪಾದರಸ ಹಾಕಿದ್ದು ಮಾತ್ರ ಝಗ್ ಅಂತ.

"ಅಂದ್ರೆ ಅಣು ಸರಿಯಾಗಿದೆ!" ಕಿರುಚಿದೆ.

"ಅಣು ಸರಿಯಾಗಿದೆ," ಅಂದರು ಮೇಡಂ. "ಕೆಟ್ಟಿರೋದು ನೀನು."

ಬೈಗುಳ ಅಂದುಕೊಂಡೆ. ಅಲ್ಲ. ಪೂರ್ತಿ ಗಂಭೀರ. ನನ್ನಿಂದಲೇ ಏನೋ ಬರುತ್ತಿದೆ. ನನ್ನ ಬಟ್ಟೆ, ನನ್ನ ಕೂದಲು, ನನ್ನ ಕೈ. ನಾಳೆ ನನ್ನನ್ನೇ ಟೆಸ್ಟ್ ಮಾಡಬೇಕು. ಇಂಥ ಖುಷಿ... ನಿದ್ದೆ ಬರುವ ಲಕ್ಷಣವಿಲ್ಲ.

ಜುಲೈ 2, ಬುಧವಾರ, ಮಧ್ಯಾಹ್ನ

ಸಿಕ್ಕಿತು. ಸಿಕ್ಕಿತು ಸಿಕ್ಕಿತು ಸಿಕ್ಕಿತು!

ಬೆಳಗ್ಗೆ ಸಾಲಾಗಿ ಸೀಸೆ ಇಟ್ಟೆ. ಒಂದೊಂದರಲ್ಲೂ ಅಣು, ಸ್ವಲ್ಪ ಆಸಿಡ್. ಬಳೆ ಒರೆಸಿದ ಹತ್ತಿ ಒಂದಕ್ಕೆ. ಫೋನ್ ಒರೆಸಿದ್ದು ಇನ್ನೊಂದಕ್ಕೆ. ಪೆನ್ನು, ಕೂದಲು, ಕೋಟಿನ ತೋಳು, ಕನ್ನಡಕದ ಕಡ್ಡಿ. ಬೆರಳ ತುದಿ ಒರೆಸಿದ್ದು ಕೊನೆಗೆ. ಗಡ್ಡ ಲೈಟು ಆರಿಸಿದ. ಲ್ಯಾಂಪ್ ಹಾಕಿದೆವು. ಎಲ್ಲ ಕತ್ತಲು... ಫೋನು ಮಿಣಮಿಣ. ಪೆನ್ನು ಚೂರು. ಬೆರಳು — ಹೊತ್ತಿ ಉರಿಯುತ್ತಿದೆ!

"ಗ್ಲೌಸ್ ಹಾಕ್ತೀನಲ್ಲ ನಾನು!"

"ಪಿಪೆಟ್ ಟಿಪ್ ಬಾಕ್ಸ್ ತುಂಬುವಾಗ?" ಅಂದ ಗಡ್ಡ.

ಬರಿಗೈ. ದಿನಾ ಬೆಳಗ್ಗೆ, ಬಂದ ತಕ್ಷಣ, ಬರಿಗೈಯಲ್ಲಿ, ಹನಿ ಎಳೆಯುವ ಆ ಪ್ಲಾಸ್ಟಿಕ್ ಟಿಪ್ಪುಗಳನ್ನು ಒಂದೊಂದಾಗಿ ಜೋಡಿಸುತ್ತೇನೆ. ಮನೆಯಿಂದ ಹೊರಡುವ ಮುಂಚೆ, ಬಾಗಿಲಲ್ಲಿ ನಿಂತು, ಕೈಗೆ ಕ್ರೀಮು. ಗಡ್ಡ ಬಳಸಿದ್ದು ತನ್ನ ಬಾಕ್ಸಿನ ಟಿಪ್ಪು.

ಬ್ಯಾಗಿನಿಂದ ಡಬ್ಬಿ ತೆಗೆದೆ. ಕಡ್ಡಿಯ ತುದಿಯಷ್ಟು ಹಾಕಿದೆ. ಲ್ಯಾಂಪೇ ಬೇಕಾಗಲಿಲ್ಲ. ಹಗಲು ಬೆಳಕಿನಲ್ಲೇ ಕಡು ಗುಲಾಬಿ.

ಇಬ್ಬರೂ ಕುಣಿದೆವು. ಗಡ್ಡ ಸ್ಟೂಲ್ ಬೀಳಿಸಿದ. ಎಷ್ಟು ಚುರುಕು ನೋಡು ನನ್ನ ಅಣು! ಬೆರಳಿಂದ ಟಿಪ್ಪಿಗೆ, ಟಿಪ್ಪಿಂದ ಸೀಸೆಗೆ ದಾಟಿದ ಚೂರುಪಾರನ್ನೂ ಹಿಡಿದಿದೆ. ಎರಡು ವಾರ ಅದು ನಿಜವನ್ನೇ ಹೇಳಿದೆ, ನಾನು ಬೈದಿದ್ದೇನೆ.

ಆಮೇಲೆ ಕೈಯಲ್ಲಿದ್ದ ಡಬ್ಬಿ ನೋಡಿದೆ. ಲೇಬಲ್ ಮೇಲೆ ಅಕ್ಕನ ಅಕ್ಷರ.

ಕೈ ನಡುಕ. ಕಾಲು ಊತ. ನಿದ್ದೆ ಇಲ್ಲ.

ಅಯ್ಯೋ.

ಜುಲೈ 3, ಗುರುವಾರ

ಪಕ್ಕದ ಕಟ್ಟಡದ ದೊಡ್ಡ ಮೆಷಿನ್‌ಗೆ ನಿನ್ನೆಯೇ ಕೊಟ್ಟಿದ್ದ ಕ್ರೀಮಿನ ರಿಪೋರ್ಟ್ ಬಂತು: ಪಾದರಸ, ರಾಶಿ ರಾಶಿ. ಆಪರೇಟರ್ ಫೋನ್ ಮಾಡಿ, "ಇದೇನು ಗಣಿಯ ಮಣ್ಣಾ?" ಅಂತ ಕೇಳಿದರು. ಮುಖಕ್ಕೆ ಹಚ್ಚುವ ಕ್ರೀಮು ಅಂದೆ.

ಅಕ್ಕನಿಗೆ ಹೇಳಿದೆ. ತಪ್ಪು ಹೊತ್ತಿನಲ್ಲಿ — ಅವಳು ಬ್ರಷ್ ತೊಳೆಯುತ್ತಿದ್ದಳು, ನಾನು ಓಡೋಡಿ ಬಂದಿದ್ದೆ, ಬಾಗಿಲಲ್ಲೇ ಶುರು ಮಾಡಿದೆ. ಖುಷಿ ಇನ್ನೂ ಮುಖದ ಮೇಲಿತ್ತೇನೋ.

"ನಗ್ತಾ ಹೇಳ್ತಿದೀಯಲ್ಲೇ. ನಾನು ವಿಷ ಮಾರ್ತೀನಿ ಅಂತ ನಗ್ತಾ ಹೇಳ್ತಿದೀಯ."

"ನಗ್ತಿಲ್ಲ ಅಕ್ಕ..."

"ಹೋದ ವಾರ ನೀನೇ ಅಳ್ತಿದ್ದೆ, ನನ್ನ ಅಣು ಸುಳ್ಳು ಹೇಳತ್ತೆ ಅಂತ. ಈಗ ಅದು ಸತ್ಯವಂತ ಆಗ್ಬಿಡ್ತಾ? ನನ್ನ ಹೊಟ್ಟೆಪಾಡಿನ ಮೇಲೆ?"

ಬಾಗಿಲು ಹಾಕಿಕೊಂಡಳು. ಭಾವ ನನ್ನ ಕಡೆ ನೋಡಿ ಮೆತ್ತಗೆ ಕೇಳಿದರು, "ಅವಳ ಕೈ ನಡುಗೋದು ಇದಕ್ಕೇನಾ?" ಇರಬಹುದು ಅಂದೆ. ಅವರು ಅಡುಗೆಮನೆಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟುಕೊಂಡು ನಿಂತರು.

ಜುಲೈ 5, ಶನಿವಾರ

ಲ್ಯಾಬಿನ ಬಾಗಿಲಲ್ಲಿ ಅಕ್ಕ! ಭುಜದ ಮೇಲೆ ದೊಡ್ಡ ಚೀಲ. ಡಬ್ಬಿಗಳನ್ನೆಲ್ಲ ಬೆಂಚಿನ ಮೇಲೆ ಸುರಿದಳು. ಡಬ್ಬದಣ್ಣನ ಕ್ರೀಮು ಹಳೆಯದು, ಹೊಸದು. ಅಂಗಡಿಯ ಬೇರೆ ಬೇರೆ ಕ್ರೀಮು. ಲಿಪ್‌ಸ್ಟಿಕ್, ಪೌಡರ್, ಕಾಡಿಗೆ. ಡಬ್ಬಿಗಳ ಲೇಬಲ್ ಕಿತ್ತು ಕೆಳಗೆ ಗುರುತು ಹಾಕಿಕೊಂಡು ಬಂದಿದ್ದಾಳೆ, ಯಾವುದು ಯಾವುದಂತ ನನಗೆ ಗೊತ್ತಾಗಬಾರದು ಅಂತ.

ಮೇಡಂ ಎಲ್ಲಿಂದಲೋ ಬಂದು ನಿಂತರು. "ಇವರು ಯಾರು?"

"ನನ್ನ ಅಕ್ಕ. ಜಗಳಕ್ಕೆ ಬಂದಿದಾಳೆ."

"ಒಳ್ಳೇದು. ಜಗಳ ಹೀಗೇ ಆಡಬೇಕು," ಅಂದರು ಮೇಡಂ, ಸ್ಟೂಲ್ ಎಳೆದು ಕೂತರು.

ಲೈಟು ಆರಿಸಿದೆವು. ಕೆಲವು ಕ್ರೀಮು ನೀಲಿಯಾಗಿ ಮಿನುಗಿದವು. ಅಕ್ಕ ತಟ್ಟನೆ ಹಿಡಿದಳು, "ನೋಡು, ಇವೂ ಹೊಳೀತಿವೆ!" ಆ ನೀಲಿ ಕ್ರೀಮಿನ ಸ್ವಂತದ್ದು ಅಂದೆ. ಅಣು ಹಾಕದೇ ತೋರಿಸಿದೆ — ಆಗಲೂ ನೀಲಿ. ಅಣು ಹಾಕಿದೆ — ನೀಲಿ ನೀಲಿಯೇ ಉಳಿಯಿತು. ಕೆಲವು ಮಾತ್ರ, ಒಂದಾದ ಮೇಲೊಂದು, ಕಿತ್ತಳೆ. ಅಕ್ಕ ತಾನೇ ಒಂದೊಂದು ಡಬ್ಬಿ ತಿರುಗಿಸಿ ಕೆಳಗಿನ ಗುರುತು ನೋಡಿದಳು. ಡಬ್ಬದಣ್ಣನದು. ಡಬ್ಬದಣ್ಣನದು. ಇದೂ.

ಒಂದು ಸಲವೂ ತಪ್ಪಲಿಲ್ಲ ನನ್ನ ಅಣು. ಒಳಗೊಳಗೇ ಕುಣಿಯುತ್ತಿದ್ದೆ, ಅಕ್ಕನ ಮುಖ ನೋಡಿ ಅಲ್ಲೇ ಕೂತುಕೊಳ್ಳುವ ಹಾಗಾಗುತ್ತಿತ್ತು. ಎರಡೂ ಒಟ್ಟಿಗೆ. ಹೇಗೆ ಬರೆಯುವುದು ಇದನ್ನು.

ಲೈಟು ಹಾಕಿದಾಗ ಅಕ್ಕ ಫೋನ್ ತೆಗೆದಿದ್ದಳು.

"ಯಾರಿಗೆ?"

"ಎಲ್ಲರಿಗೂ."

ಜುಲೈ 6, ಭಾನುವಾರ

ಬೆಳಗ್ಗೆಯಿಂದ ಅಕ್ಕ ಫೋನಿನಲ್ಲಿ. ಸುತ್ತಿ ಬಳಸಿ ಹೇಳುವುದಿಲ್ಲ. "ನಾನು ಕೊಟ್ಟ ಕ್ರೀಮಲ್ಲಿ ಪಾದರಸ ಇದೆ. ನಂಗೆ ಗೊತ್ತಿರ್ಲಿಲ್ಲ. ಹಚ್ಚಬೇಡ. ಎಸೀಬೇಡ, ಇಲ್ಲಿಗೆ ತಾ. ಡಾಕ್ಟರ್ ಹತ್ರ ಹೋಗು." ಕೆಲವರು ಬೈದರು. ಒಬ್ಬಳು ನಕ್ಕು, "ಬೆಳ್ಳಗೆ ಆಗಿದೀನಲ್ಲ, ಇನ್ನೊಂದು ಡಬ್ಬಿ ಕೊಡಿ" ಅಂದಳಂತೆ. ಅವಳಿಗೆ ಮಾತ್ರ ಅಕ್ಕ ಗದರಿದಳು.

ಕೊನೆಯ ಫೋನ್ ಕೆನ್ನೆಗುಳಿಯವಳಿಗೆ. ಹೋದ ವರ್ಷ ಅಕ್ಕನೇ ಅಲಂಕಾರ ಮಾಡಿ ಮದುವೆಗೆ ಕಳಿಸಿದ ಹುಡುಗಿ. ಈಗ ಕೈಗೂಸಿನ ತಾಯಿ. "ಅಕ್ಕಾ, ದಿನಾ ಕೆನ್ನೆಗೆ ಕೆನ್ನೆ ಒತ್ತಿಕೊಂಡೇ ಮಲಗಿಸ್ತೀನಿ ಇವಳನ್ನ," ಅಂದಳಂತೆ.

ಅಕ್ಕ ಫೋನ್ ಇಟ್ಟವಳು ಕನ್ನಡಿಗೆ ಬೆನ್ನು ಹಾಕಿ ಕೂತಳು. ಪಕ್ಕದಲ್ಲಿ ಕೂತೆ. ಅವಳು ಬೈಯಲಿಲ್ಲ, ಓಡಿಸಲಿಲ್ಲ.

ಜುಲೈ 8, ಮಂಗಳವಾರ

ಆಸ್ಪತ್ರೆ. ಅಕ್ಕನ ಮೂತ್ರದಲ್ಲಿ ಪಾದರಸ ಬೇಕಾದಷ್ಟು. ಕಿಡ್ನಿ ಸೋರುತ್ತಿದೆಯಂತೆ, ಅದಕ್ಕೇ ಊತ. ಡಾಕ್ಟರು ನನ್ನ ಸೀಸೆಗಳ ಫೋಟೋ ನೋಡಿ ಎದ್ದು ನಿಂತೇ ಬಿಟ್ಟರು. "ಪಾದರಸ ಇರಬಹುದು ಅಂತ ಯಾರೂ ಹುಡುಕ್ತಿರಲಿಲ್ಲ. ಇನ್ನಾರು ತಿಂಗಳು ಬಿಟ್ಟಿದ್ರೆ ನಾನು ಬೇರೆ ಥರ ಮಾತಾಡ್ತಿದ್ದೆ." ಬೇಗ ಸಿಕ್ಕಿದ್ದರಿಂದ ಮಾತ್ರೆಗೆ ಬಗ್ಗುತ್ತೆ ಅಂದರು. ನನ್ನದೂ ಪರೀಕ್ಷೆ ಮಾಡಿದರು — ಸ್ವಲ್ಪ ಇದೆ, ಹೆದರುವಷ್ಟಲ್ಲ.

ಕೆನ್ನೆಗುಳಿಯವಳೂ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಮಗು ಡಾಕ್ಟರ ಸ್ಟೆತೊಸ್ಕೋಪ್ ಬಿಡಲೇ ಇಲ್ಲ. ಅಕ್ಕನನ್ನು ನೋಡಿ ಅವಳು ಮುಖ ತಿರುಗಿಸಿದಳು. ಅಕ್ಕ ಅಲ್ಲೇ ನಿಂತಳು, ಅವರ ಸರದಿ ಮುಗಿಯುವವರೆಗೂ. ಮಗುವಿನ ಸ್ಯಾಂಪಲ್ ದೂರದ ಲ್ಯಾಬಿಗೆ ಹೋಗಬೇಕಂತೆ. ತಡವಾಗುತ್ತೆ.

ಜುಲೈ 29, ಮಂಗಳವಾರ

ಬರೆಯಲು ಪುರುಸೊತ್ತೇ ಇಲ್ಲ!

ಅಣುವನ್ನು ಕಾಗದದ ಪಟ್ಟಿಗೆ ಕೂರಿಸಿದೆವು. ಗಡ್ಡನ ಐಡಿಯಾ, ಒಪ್ಪಿಕೊಳ್ಳಲೇಬೇಕು. ಆಸಿಡ್‌ನಲ್ಲಿ ಕದಡಿದ ಕ್ರೀಮು ಒಂದು ತೊಟ್ಟು, ಪುಟ್ಟ ಯುವಿ ಟಾರ್ಚು, ಅಷ್ಟೇ. ಔಷಧ ಇಲಾಖೆಯ ಇನ್‌ಸ್ಪೆಕ್ಟರ್ ಬಂದು ಪಟ್ಟಿ ತಗೊಂಡು ಹೋದರು, ಡಬ್ಬದಣ್ಣನ ಗೋಡೌನಿಗೆ ಬೀಗ ಬಿತ್ತು. ಕ್ರೀಮು ಅವನೇ ಕಲಸುತ್ತಿದ್ದನಂತೆ. ಮೇಡಂ ಸಾರಾಂಶ ಹೊಸದಾಗಿ ಬರೆಸಿದರು. ಸಮ್ಮೇಳನದಲ್ಲಿ ಪೋಸ್ಟರ್ ಅಲ್ಲ — ಭಾಷಣ! ನನ್ನದು!

ಮನೆಯ ಮುಂದಿನ ಕೋಣೆ ಲ್ಯಾಬ್ ಆಗಿದೆ. ಅಕ್ಕನ ಗಿರಾಕಿಗಳು, ಅವರ ಅತ್ತಿಗೆಯರು, ಪಕ್ಕದ ಬೀದಿಯವರು, ಎಲ್ಲೆಲ್ಲಿನದೋ ಡಬ್ಬಿ ಹಿಡಿದು ಬರುತ್ತಾರೆ. ಬಲ್ಬು ಆರಿಸುವುದು ಭಾವನ ಕೆಲಸ. ಕತ್ತಲಾದ ತಕ್ಷಣ ಎಲ್ಲರೂ ಪಿಸುಗುಟ್ಟುತ್ತಾರೆ. ಅಕ್ಕನ ಕಾಲಿನ ಊತ ಇಳಿದಿದೆ. ರಾತ್ರಿ ಗೊರಕೆ. ಭಾವ ಆ ಗೊರಕೆಯ ಬಗ್ಗೆ ದೂರುವ ಸಂಭ್ರಮ ನೋಡಬೇಕು.

ಮಗುವಿನ ರಿಪೋರ್ಟ್ ಇನ್ನೂ ಇಲ್ಲ. ಆ ಮಾತು ಬಂದರೆ ಅಕ್ಕ ಎದ್ದು ಹೋಗುತ್ತಾಳೆ.

ಆಗಸ್ಟ್ 11, ಸೋಮವಾರ, ಸಂಜೆ

ಭಾಷಣದ ತಯಾರಿ. ಸ್ಲೈಡ್ ತಿದ್ದುತ್ತಾ ಕೂತಿದ್ದೆ. ಇವತ್ತು ಮಗುವಿನ ರಿಪೋರ್ಟ್ ಅಂತ ಆಸ್ಪತ್ರೆಯವರು ಬೆಳಗ್ಗೆಯೇ ಹೇಳಿದ್ದಾರಂತೆ. ಒಂದು ಅಕ್ಷರ ಮುಂದೆ ಹೋಗುತ್ತಿಲ್ಲ, ಅದಕ್ಕೇ ಈ ಡೈರಿ ತೆರೆದೆ.

ಅಕ್ಕ ಮುಂದಿನ ಕೋಣೆಯಲ್ಲಿ, ಯಾರೂ ಇಲ್ಲದ ಕುರ್ಚಿ ಒರೆಸುತ್ತಿದ್ದಾಳೆ. ಒರೆಸಿದ್ದನ್ನೇ ಒರೆಸುತ್ತಾಳೆ.

ಫೋನ್. ಅವಳದು.

"ಹೂಂ... ಹೂಂ... ಇನ್ನೊಂದ್ಸಲ ಹೇಳು. ಜೋರಾಗಿ ಹೇಳು."

ಕೆನ್ನೆಗುಳಿಯವಳೇ. ತಾನಾಗಿ ಮಾಡಿದ್ದಾಳೆ! ಈ ಕಡೆ ಏನೂ ಕೇಳಿಸುತ್ತಿಲ್ಲ. ಭಾವ ಕೈಯಲ್ಲಿ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ. ಅಕ್ಕ ಒಂದು ಕೈ ಬಾಯಿಗೆ... ಅಳುತ್ತಿದ್ದಾಳಾ? ಅಲ್ಲ — ನಗು! ಭಾವನ ತೋಳು ಹಿಡಿದು ಅಲ್ಲಾಡಿಸುತ್ತಿದ್ದಾಳೆ, ಸೌಟು ಕೆಳಗೆ ಬಿತ್ತು, ನನ್ನನ್ನು ಕೂಗುತ್ತಿದ್ದಾಳೆ, "ಬಾರೇ, ಮಗೂಗೆ ಏನೂ ಆಗಿಲ್ವಂತೆ, ನೋಡೋಕೆ ಬನ್ನಿ ಅಂತಿದಾಳೆ, ಇಬ್ರೂ ಬನ್ನಿ ಅಂತಿದಾಳೆ, ಚಪ್ಪಲಿ ಹಾಕ್ಕೊ—"

ಬಂದೆ ಅಕ್ಕ, ಬಂ